ಚೈತಿ ಬಾಗಿಲ ಮುಂದ ನಿಂತ ಮಳಿಗಾಲ

ಒಂದ್ ಮಾತು ಕೇಳ್ತೇನಿ, ಖರೇ ಹೇಳ್ರಿ. ನಿಮ್ಮ ಮಕ್ಕಳು ಪುಸ್ತಕ ಹಿಡಕೊಂಡು ಗಡಗಡ ಓದೂ ಮುಂದ ಅವರ ಕಣ್ಣು ಎಲ್ಲಿ ಅದಾವ ಅಂತ ಒಮ್ಮೆರ ನೋಡೀರೇನು? ಬಾಯಿ ಅಲ್ಲರಿ, ಕಣ್ಣು. ನಾ ನೋಡಿರಲಿಲ್ಲ. ಹೆತ್ತಾಕಿ ನಾ, ಹತ್ತರನ ಕುಂತಾಕಿ ನಾ, ಆದ್ರೂ ನೋಡಿರಲಿಲ್ಲ. ನಿಮ್ಮ ಮನ್ಯಾಗೂ ಹಿಂಗ ಆಗಿದ್ರ ಮುಂದ ಓದ್ರಿ. ಆಗಿಲ್ಲಂದ್ರೂ ಓದ್ರಿ. ಆಗಿರತೈತಿ, ನಿಮಗ ಗೊತ್ತಿರಂಗಿಲ್ಲ ಅಷ್ಟ.

ಹೋದ ಐತವಾರ ಹಾನಗಲ್ಲಿಗೆ ಹೋಗಿದ್ವಿ, ನಾನು ಮತ್ತ ನನ್ನ ಮಗಳು ಚೈತ್ರಾ. ಮನ್ಯಾಗ ಚೈತಿ ಅಂತೇವಿ. ಈಗ ಹತ್ತನೇ ಇಯತ್ತೆ. ನಾವು ಶಿಗ್ಗಾಂವಿಗೆ ಬಂದು ಏಳು ವರ್ಷ ಆತು, ಅದಕ್ಕೂ ಮೊದಲ ಹಾನಗಲ್ಲಿನ್ಯಾಗ ಬಾಡಗಿ ಮನ್ಯಾಗಿದ್ವಿ. ಅಲ್ಲಿ ನಮ್ಮ ಹಿಂದಿನ ಓಣ್ಯಾಗ ನೀಲಕ್ಕ ಅಂತ ಇದ್ಲು, ಆಕಿ ಮಗಳು ಜ್ಯೋತಿ ಬಸರಿ, ಕುಬಸದ ಕಾರ್ಯ ಇತ್ತು. ಬಸ್ಸಿಳದು ನಡಕೊಂತ ಹೊಂಟಿದ್ವಿ, ಜಿಟಿಜಿಟಿ ಮಳಿ ಹಿಡಕೊಂತು. ಹಳೇ ಮನಿ ಮುಂದ ಬಂದಾಗ ಮೂಗಿಗೆ ಬಡೀತು ನೋಡ್ರಿ ಹಸಿ ಕಟಗಿ ವಾಸನಿ. ಆ ಮನಿ ಬಾಗಿಲ ಹಳೇ ಕಾಲದ್ದು, ದಪ್ಪನ್ನ ಹಲಗಿದು, ವರ್ಷಾನುಗಟ್ಲೆ ಎಣ್ಣಿ ಕುಡದಿದ್ದು. ಮಳಿ ಬಿತ್ತಂದ್ರ ಒಂಥರಾ ಕಮಟು ವಾಸನಿ ಹೊಡೀತಿತ್ತು. ಈಗಿದ್ದವರು ನೀಲಿ ಬಣ್ಣ ಹಚ್ಯಾರ. ವಾಸನಿ ಮಾತ್ರ ಅದ. ನನ್ನ ಕಾಲು ಅಲ್ಲೇ ನಿಂತುಬಿಟ್ವು. ಚೈತಿ ನನ್ನ ಮಕ ನೋಡಿದ್ಲು, ಕೊಡಿ ನನ್ನ ತಲಿ ಮ್ಯಾಲ ಹಿಡದು ಮುಂದಕ್ಕ ಕರಕೊಂಡು ಹೋದ್ಲು.

ಎಂಟು ವರ್ಷದ ಹಿಂದಿನ ಮಾತು. ಚೈತಿ ಆಗ ಎರಡನೇ ಇಯತ್ತೆ. ಮನಿಯವರು ಲಾರಿ ಮ್ಯಾಲ ಹೋಗತಿದ್ರು, ವಾರಕ್ಕೊಮ್ಮೆ ಮಕ ತೋರಸ್ತಿದ್ರು. ನಾ ಮನ್ಯಾಗ ಜ್ವಾಳದ ರೊಟ್ಟಿ ಮಾಡಿ ಖಾನಾವಳಿಗೆ, ಮದುವಿ ಮನಿಗೆ ಕೊಡತಿದ್ದೆ. ಚೈತಿ ಸಾಲಿಂದ ಬರೂದು ನಾಕೂವರಿಗೆ. ಅಷ್ಟೊತ್ತಿಗೆ ನನ್ನ ಹಂಚು ಕಾದಿರತಿತ್ತು. ನಮ್ಮ ಕಡೆ ಎಲ್ಲಾರ ಮನ್ಯಾಗೂ ಇದ ರೂಢಿ ಅಲ್ಲೇನ್ರಿ? ಅವ್ವ ರೊಟ್ಟಿ ಬಡೀತಾಳ, ಕೂಸು ಹಿಂದ ಕುಂತು ಓದತೈತಿ. ಓದು ನಿಂತ್ರ ಅವ್ವ ಹೊಳ್ಳಿ ನೋಡಂಗಿಲ್ಲ, "ಹೂಂ, ಮುಂದ" ಅಂತಾಳ. ಮುಗೀತು. ನಮ್ಮವ್ವ ನನ್ನ ತವರು ಹತ್ತಿಮತ್ತೂರಾಗ ನನಗ ಹಂಗ ಓದಿಸಿದ್ಲು. ಆಕಿಗೆ ಅಕ್ಷರಾನ ಬರತಿರಲಿಲ್ಲ, ಕೇಳೂದಷ್ಟ ಆಕಿ ಕೈಲೆ ಆಗತಿತ್ತು. ನನಗ ಬರತಿತ್ತು, ಪಿಯುಸಿ ಪಾಸಾದಾಕಿ ನಾ. ಬಂದ್ರೇನಾತು? ನಾನೂ ಕೇಳಿಕೊಂತನ ಕುಂತೆ. ಕಣ್ಣು ಹಂಚಿನ ಮ್ಯಾಲ, ಕಿವಿ ಮಗಳ ಕಡೆ. ರೊಟ್ಟಿ ಹೊತ್ತಬಾರದು, ಓದು ನಿಂದ್ರಬಾರದು.

ಮತ್ತ ಚೈತಿ ಏನ್ ಓದತಿದ್ಲಂತೀರಿ! ಒಂದು ಆನಿ ಪಾಠ ಇತ್ತು. "ಒಂದು ದಿನ ಆನೆಗೆ ಬಹಳ ಬಾಯಾರಿಕೆ ಆಯಿತು" ಅಂತ ಚಾಲೂ ಮಾಡಿದ್ಲಂದ್ರ ಎಲ್ಲಿ ನಿಂದ್ರಬೇಕು ಅಲ್ಲಿ ನಿಂತು, ಎಲ್ಲಿ ದನಿ ಏರಸಬೇಕು ಅಲ್ಲಿ ಏರಿಸಿ, ಹಾಳಿ ಹೊಳ್ಳಿಸಿದ್ದೂ ಕೇಳತಿತ್ತು. ನಡುವ ಬಿಟ್ಟು ಕೇಳಾಕಿ, "ಅವ್ವಾ, ಆ ಆನಿ ನೀರ ಕುಡಿಯಾಕ ನಮ್ಮ ಆನಿಕೆರಿಗೇ ಬಂದಿತ್ತೇನು?"

"ಹೂಂ, ನಿಮ್ಮಪ್ಪನ ಲಾರ್ಯಾಗ ಹತ್ತಿ ಬಂದಿತ್ತು. ಮುಂದ ಓದು."

ಒಂದಿನ ನಾ ಹಿಟ್ಟಿನ ಡಬ್ಬಿಗೆ ಫೋನ್ ಆನಿಸಿ ವಿಡಿಯೋ ಮಾಡಿದೆ. ಮುಂದ ನಾ ರೊಟ್ಟಿ ಬಡಿಯೂದು, ಹಿಂದ ಮಗಳ ದನಿ. ಸ್ಟೇಟಸ್ ಇಟ್ಟೆ. ಯಪ್ಪಾ, ಓಣಿ ತುಂಬ ಅದ ಮಾತು. ಹಿರೇಕೆರೂರಿಂದ ನಮ್ಮ ನಾದಿನಿ ಫೋನ್ ಹಚ್ಚಿದ್ಲು, "ವೈನಿ, ನಮ್ಮಾಂವ ನಾಕನೇ ಇಯತ್ತೆ, ಒಂದ್ ಸಾಲು ಓದಾಕ ಮೂರು ಸಲ ನೀರ ಕುಡೀತಾನ. ನಿನ್ನ ಮಗಳಿಗೆ ಏನ್ ತಿನಸ್ತಿ?"

"ರೊಟ್ಟಿ" ಅಂದೆ. ಸೊಕ್ಕು ನೋಡ್ರಿ ನನ್ನದು. ಆ ವಿಡಿಯೋಕ್ಕ ಸಿಕ್ಕ ಹೊಗಳಿಕಿಯಿಂದನ ನಾ ಹಿಂಗ ಫೋನಿನ್ಯಾಗ ಮಾತಾಡಾಕ, ಬರಿಯಾಕ ಕಲತದ್ದು. ಅದನ್ನ ಮುಚ್ಚಿಡಂಗಿಲ್ಲ.

ಸಾಲ್ಯಾಗ ಅಕ್ಕೋರು ಕರದು ಹೇಳಿದ್ರು. ಮೆತ್ತನ್ನ ಮನಶಾಳು ಆಕಿ. "ಗಿರಿಜಾ ಅವರ, ಚೈತ್ರಾಗ ಶುದ್ಧಬರಹದಾಗ ಹತ್ತಕ್ಕ ಸೊನ್ನಿ ಬರಾಕತ್ತೈತ್ರಿ. ಪಾಠ ಹೇಳು ಅಂದ್ರ ಪೂರ್ತಿ ಹೇಳ್ತಾಳ. ನಡುವ ಒಂದು ಶಬ್ದದ ಮ್ಯಾಲ ಬೆರಳಿಟ್ಟು ಇದೇನು ಅಂದ್ರ ಗಪ್ ಆಗತಾಳ. ಮನ್ಯಾಗ ಒಂದೀಟು ನೋಡ್ರಿ."

"ಅಯ್ಯ ಅಕ್ಕೋರ, ನಿಮಗ ನಲವತ್ತು ಮಕ್ಕಳ ಗದ್ದಲದಾಗ ಗೊತ್ತಾಗಿರಂಗಿಲ್ಲ ಬಿಡ್ರಿ. ಮನ್ಯಾಗ ಪುಸ್ತಕ ನುಂಗತಾಳ" ಅಂತ ಫೋನ್ ತಗದು ವಿಡಿಯೋ ತೋರಿಸಿದೆ.

ಅವರು ಪೂರ್ತಿ ನೋಡಿದ್ರು. "ಇದರಾಗ ಪುಸ್ತಕ ಕಾಣವಲ್ದಲ್ರಿ" ಅಂದ್ರು.

ನಾ ನಕ್ಕು ಮನಿಗೆ ಬಂದೆ. ಬಂದು ಏನ್ ಮಾಡಿದೆ? ಸೊನ್ನಿ ಬಂದಿದ್ದು ಆಳಸತನಕ್ಕ ಅಂತ ತಿಳದು, ಒಂದೊಂದು ಶಬ್ದ ಹತ್ತತ್ತು ಸಲ ಬರಿ ಅಂತ ಕುಂದರಿಸಿದೆ. ಬರದ್ಲು. ಏನ್ ದುಂಡಗ ಬರದಿದ್ಲು ಅಂತೀರಿ, ಒಂದ್ ಗೀಟು ಹೊರಗಿಲ್ಲ. ನಾ ಹಾಕೂ ರಂಗೋಲಿ ನೋಡಿ ಆಕಿ ಹಂಗ ಹಾಕತಿದ್ಲಲ್ಲ, ಹಂಗ ಅಕ್ಷರಾನೂ ಚಿತ್ರ ತಗದಂಗ ತಗದಿದ್ಲು ಅಂತ ಆಗ ನನ್ನ ತಲಿಗೆ ಹೋಗಲಿಲ್ಲ. ಪಾಟಿ ನೋಡಿದೆ, ಚಂದ ಐತಿ ಅಂದೆ, ಹಂಚಿನ ಕಡೆ ಹೊಳ್ಳಿದೆ.

ಶ್ರಾವಣ ಚಾಲೂ ಆಗಿತ್ತು. ಆ ವರ್ಷ ಹಾನಗಲ್ಲಿನ್ಯಾಗ ಮಳಿ ಹಿಡದಿದ್ದು ಬಿಡಲೇ ಇಲ್ಲ. ಒಂದಿನ ಮಧ್ಯಾಹ್ನ ಹತ್ತಿಮತ್ತೂರಿಂದ ನಮ್ಮ ತಮ್ಮ ಫೋನ್ ಹಚ್ಚಿದ. ಅವ್ವ ಹಿತ್ತಲದಾಗ ಜಾರಿ ಬಿದ್ದಾಳ, ಸವಣೂರ ದವಾಖಾನಿಗೆ ಕರಕೊಂಡು ಹೊಂಟೇವಿ, ಲಗೂನ ಬಾ ಅಂದ. ಮನಿಯವರು ಊರಾಗಿಲ್ಲ. ನೀಲಕ್ಕನ ಮನಿಗೆ ಓಡಿದೆ, ಕೀಲಿ. ಪ್ಯಾಟಿಗೆ ಹೋಗಿದ್ಲು, ಸಾಲಿ ಬಿಡೂದ್ರಾಗ ಬಂದಿರತಾಳ. ಫೋನ್ ಹಚ್ಚಿದ್ರ ಹತ್ತವಲ್ದು. ಬಸ್ಸಿನ ಹೊತ್ತಾಗಿತ್ತು. ಏನ್ ಮಾಡ್ಲಿ? ಚೈತಿ ಪಾಟಿ ಮ್ಯಾಲ ಬರಿಯೂ ಖಡು ಒಂದು ತುಂಡು ತಗೊಂಡೆ, ಬಾಗಿಲ ಮುಚ್ಚಿ ಕೀಲಿ ಹಾಕಿದೆ, ಬಾಗಿಲ ಮ್ಯಾಲ ದಪ್ಪ ಅಕ್ಷರದಾಗ ಬರದೆ:

"ಚೈತಿ, ನೀಲಕ್ಕನ ಮನಿಗೆ ಹೋಗು. ಊಟ ಮಾಡು. ನಾ ಸಂಜಿಗೆ ಬರ್ತೇನಿ."

ಇನ್ನೊಂದು ಹೇಳ್ತೇನಿ, ನಕ್ರೂ ನಗ್ರಿ. ಅವ್ವ ಬಿದ್ದಾಳ ಅನ್ನೂ ಗಾಬರ್ಯಾಗೂ, ಅದನ್ನ ಬರಿಯೂ ಮುಂದ ನನಗ ಒಳಗೊಳಗ ಖುಷಿ ಆಗಿತ್ತು. ಮಗಳಿಗೆ ನಾ ಬರದ ಮೊದಲ ಚೀಟಿ ಅದು. ನಮ್ಮವ್ವಗ ನನಗ ಬರಿಯಾಕ ಬರಲಿಲ್ಲ, ನಾ ನನ್ನ ಮಗಳಿಗೆ ಬರದೆ, ಆಕಿ ಓದತಾಳ. ಹಂಗ ಅನಕೊಂತನ ಬಸ್ ಹತ್ತಿದೆ.

ಅವ್ವಗ ಕೈ ಮುರದಿತ್ತು, ಜೀವಕ್ಕೇನೂ ಇರಲಿಲ್ಲ. ಪಟ್ಟಿ ಕಟ್ಟಿಸಿ ಹೊಳ್ಳಿ ಬಸ್ ಹಿಡದೆ. ಮಳಿಗೆ ದಾರ್ಯಾಗ ಎಲ್ಲೆಲ್ಲಿ ನಿಂತು ನಿಂತು ಬಂತೋ, ಓಣಿಗೆ ಕಾಲಿಟ್ಟಾಗ ಏಳು ಹೊಡದಿತ್ತು. ಎಲ್ಲಾರ ಮನ್ಯಾಗೂ ದೀಪ ಹಚ್ಚಿದ್ರು. ನಾ ಸೀದಾ ನೀಲಕ್ಕನ ಮನಿಗೆ ಹೋಗಬೇಕಂದಾಕಿ, ಯಾಕೋ ನಮ್ಮ ಮನಿ ಕಡೆ ಮಕ ಹೊಳ್ಳಿಸಿದೆ.

ನಿಂತಿದ್ಲು.

ಓಣಿ ಕಡೆ ಮಕ ಮಾಡಿ ಅಲ್ಲ. ಬಾಗಿಲ ಕಡೆ. ತಲಿ ಮ್ಯಾಲ ಪಾಟಿಚೀಲ ಹೊತ್ತಿದ್ಲು, ಬೆನ್ನಿಗೆ ಯೂನಿಫಾರ್ಮ್ ಅಂಟಿತ್ತು. ಬಾಗಿಲಕ್ಕ ಮೂಗು ಹತ್ತೂ ಅಷ್ಟು ಹತ್ತರ ನಿಂತು, ಆ ಅಕ್ಷರ ನೋಡಾಕತ್ತಿದ್ಲು. ನಾಕೂವರಿಗೆ ಬಂದಾಕಿ ಏಳರ ತನಕ ಅವನ್ನ ನೋಡಿಕೊಂತ ನಿಂತಿದ್ಲು. ಮಳಿ ಹೊಡತಕ್ಕ ಅರ್ಧಕ್ಕರ್ಧ ತೊಳದು ಹೋಗಿದ್ವು.

"ಚೈತೀ! ಯಾಕಲೇ ಇಲ್ಲೇ..."

ಗಕ್ಕನ ಹೊಳ್ಳಿದ್ಲು. ತುಟಿ ನೀಲಿ ಆಗಿದ್ವು. ನಾ ಮಾತು ಮುಗಸೂದ್ರಾಗ ಆಕಿನ ಹೇಳಿದ್ಲು, "ಓದಿದೆ ಅವ್ವಾ. ಎಲ್ಲಾ ಓದಿದೆ." ಬಾಗಿಲಕ್ಕ ಬೆರಳು ಹಚ್ಚಿ, ಉಳದಿದ್ದ ಅಕ್ಷರದ ಕೆಳಗ ಬೆರಳು ಸರಿಸಿಕೊಂತ ಓದಿದ್ಲು, "ಚೈತಿ, ನಾ ಬರೂ ತನಕ ಇಲ್ಲೇ ನಿಂದ್ರು. ಎಲ್ಲೂ ಹೋಗಬ್ಯಾಡ." ಹಲ್ಲು ಕಟಕಟ ಅನ್ನಾಕತ್ತಿದ್ವು. ದನಿ ಮಾತ್ರ ಆನಿ ಪಾಠ ಓದೂ ದನಿನ. ಎಲ್ಲಿ ನಿಂದ್ರಬೇಕು ಅಲ್ಲಿ ನಿಂತು, ಎಲ್ಲಿ ಏರಸಬೇಕು ಅಲ್ಲಿ ಏರಿಸಿ.

ನನಗ ಆವಾಗ ತಿಳೀತು. ಅಕ್ಕೋರು ಹೇಳಿದ್ದು, ಸೊನ್ನಿ, ದುಂಡನ್ನ ಅಕ್ಷರ, ವಿಡಿಯೋ, ಎಲ್ಲಾ ಒಮ್ಮೆಲೇ ತಿಳೀತು. ಈ ಕೂಸಿಗೆ ಒಂದಕ್ಷರ ಬರಂಗಿಲ್ಲ. ಬರಂಗಿಲ್ಲ ಅಂತ ಯಾರ ಮುಂದೂ ಹೇಳಾಕ ಬರಲಾರದಂಗ ನಾನ ಮಾಡಿಟ್ಟೇನಿ.

ನೀಲಕ್ಕ ಆ ಕಡಿಂದ ಕೊಡಿ ಹಿಡಕೊಂಡು ಬರೂದು ಕಾಣಸ್ತು. ನಾ ಏನ್ ಮಾಡಿದೆ ಗೊತ್ತೇನ್ರಿ? ಮೊದಲ ಮಗಳನ್ನ ಅಪ್ಪಿಕೊಳ್ಳಲಿಲ್ಲ. ಮೊದಲ ಸೆರಗಿಲೆ ಬಾಗಿಲ ಒರಸಿದೆ. ಉಳದಿದ್ದ ಅಕ್ಷರಾನೂ ಒರಸಿಬಿಟ್ಟೆ. ಆಮ್ಯಾಲೆ ಮಗಳನ್ನ ಎತ್ತಿಕೊಂಡು, "ಹೌದವ್ವಾ, ಹಂಗ ಬರದಿದ್ದೆ. ಶ್ಯಾಣ್ಯಾಕಿ ನೀ" ಅಂದೆ.

"ಅಯ್ಯ ಗಿರಿಜಾ, ಕೂಸು ಇಲ್ಲೇ ಇತ್ತೇನ! ನೀ ಊರಿಗೆ ಹೋಗಿದ್ದು ಓಣ್ಯಾಗ ಹೇಳಿದ್ರು, ನಿನ್ನ ಕೂಡ ಹೋಗೈತಿ ಅನಕೊಂಡಿದ್ನಲ್ಲ ನಾ!" ನೀಲಕ್ಕ ತಲಿ ತಲಿ ಬಡಕೊಂಡ್ಲು. "ಯಾಕ ಚೈತಿ, ನಮ್ಮನಿಗೆ ಬರಬಾರದೇನು? ಜ್ಯೋತಿ ಇದ್ಲಲ್ಲ."

"ಅವ್ವ ಇಲ್ಲೇ ನಿಂದ್ರು ಅಂತ ಬರದಿದ್ಲು ದೊಡ್ಡವ್ವಾ" ಅಂದ್ಲು ಚೈತಿ. ನೀಲಕ್ಕ ನನ್ನ ಮಕ ನೋಡಿದ್ಲು. ನಾ ನೆಲ ನೋಡಿದೆ.

ನಾಕು ದಿನ ಜ್ವರ. ಜ್ವರದಾಗ ಆನಿ ಪಾಠ ಒಪ್ಪಸ್ತಿದ್ಲು, ಒಂದಕ್ಷರ ತಪ್ಪದಂಗ. ನಾ ಒದ್ದಿ ಅರಿವಿ ಹಣಿ ಮ್ಯಾಲ ಹಾಕಿಕೊಂತ, "ಸಾಕು ಯವ್ವಾ, ಸಾಕು" ಅಂದ್ರ ಇನ್ನೂ ಜೋರಾಗಿ ಒಪ್ಪಸ್ತಿದ್ಲು. ಮನಿಯವರು ಕೇಳಿದ್ರ ಮಳ್ಯಾಗ ಆಡಿದ್ಲು ಅಂದೆ.

ಜ್ವರ ಬಿಟ್ಟ ಮ್ಯಾಲ ಅಕ್ಕೋರ ಕಡೆ ಹೋದೆ. ಬಾಗಿಲದ್ದು ಹೇಳಲಿಲ್ಲ, ಉಳದಿದ್ದು ಹೇಳಿದೆ. ಅವರು ಒಂದು ಚುಚ್ಚು ಮಾತು ಆಡಲಿಲ್ಲ. ಆಡಿದ್ರ ಚಲೋ ಇತ್ತು. "ಪಾಠ ಓದಿಸಬ್ಯಾಡ್ರಿ, ಅದು ಆಕಿ ಕಿವ್ಯಾಗ ಐತಿ. ಬ್ಯಾರೆ ಶಬ್ದ ಬರದು ತೋರಿಸ್ರಿ, ಮನ್ಯಾಗಿನ ಶಬ್ದ. ಒಂದೊಂದ ಅಕ್ಷರ ಬೆರಳಿಟ್ಟು. ಗೊತ್ತಿಲ್ಲ ಅಂದ್ರ ಬೈಬ್ಯಾಡ್ರಿ" ಅಂದ್ರು. ಎದ್ದು ಬರೂ ಮುಂದ, "ಮತ್ತ ನೀವು ಆಕಿ ಎದುರಿಗೆ ಕುಂದ್ರಿ, ಬೆನ್ನು ಮಾಡಬ್ಯಾಡ್ರಿ" ಅಂದ್ರು.

ರೊಟ್ಟಿ ಆರ್ಡರ್ ಅರ್ಧ ಬಿಟ್ಟೆ. ಸಂಜಿಗೆ ಹಂಚು ಇಡಲಿಲ್ಲ. ಪರಾತದಾಗ ಹಿಟ್ಟು ಹರವಿ ಅದರಾಗ ಬರಿಯೂದು, ಆಕಿ ಎದುರಿಗೆ ಕುಂದ್ರೂದು. ಶಬ್ದ ಬರದು ಇದೇನಂದ್ರ ಬಾಯಿಗೆ ಬಂದಿದ್ದು ಹೇಳಾಕಿ. ಅಂಜಿಕಿನ ಇಲ್ಲ. ಬಸ್ ಸ್ಟ್ಯಾಂಡಿಗೆ ಕರಕೊಂಡು ಹೋಗಿ ಬೋರ್ಡ್ ತೋರಿಸಿದ್ರ ಹಿರೇಕೆರೂರ ಬಸ್ಸಿಗೂ "ಹಾವೇರಿ", ಶಿಗ್ಗಾಂವಿ ಬಸ್ಸಿಗೂ "ಹಾವೇರಿ". "ಅಕ್ಷರ ನೋಡಿ ಹೇಳು ಚೈತಿ" ಅಂದ್ರ ಏನಂದ್ಲು ಗೊತ್ತೇನ್ರಿ?

"ಬಾಗಿಲದ್ದು ಓದಿದ್ನಲ್ಲ ಅವ್ವಾ? ಹಂಗ ಇದೂ ಬರತೈತಿ ನನಗ."

ನಾನ ಹೌದು ಅಂದಿದ್ದೆ. ಊಹೆ ಮಾಡಿ ಹೇಳಿದ್ರ ಸರಿ ಆಗತೈತಿ ಅಂತ ನಾನ ಕಲಿಸಿದ್ದೆ. ಆವತ್ತ ಅಲ್ಲೇ ನಿಂತು, "ಇಲ್ಲವ್ವಾ, ನಾ ಬರದದ್ದು ಬ್ಯಾರೆ" ಅನ್ನಬೇಕಿತ್ತು. ಅನಲಿಲ್ಲ. ಇವತ್ತಿಲ್ಲ ನಾಳೆ ಹೇಳಿದ್ರಾತು ಅಂತ ದಸರಾ ಹೋತು, ದೀಪಾವಳಿ ಹೋತು. ಆ ಮಾತು ಗಂಟಲದಾಗ ಇಟಕೊಂಡು ದಿನಾ ಆಕಿ ಎದುರಿಗೆ ಕುಂದ್ರತಿದ್ದೆ. ಆಕಿ ಕಣ್ಣು ಈಗ ಕಾಣತಿದ್ವು. ಅವು ಹಿಟ್ಟಿನ ಮ್ಯಾಲ ಇರತಿರಲಿಲ್ಲ, ನನ್ನ ತುಟಿ ಮ್ಯಾಲ ಇರತಿದ್ವು. ನಾ ಎಲ್ಲಿ ತುಟಿ ಅಲುಗಾಡಸ್ತೇನಿ ಅಂತ ಕಾಯಾಕಿ. ನಾ ಬಾಯಿಗೆ ಸೆರಗು ಹಿಡಕೊಂಡು ಕುಂದ್ರಾಕತ್ತಿದೆ.

ಸಂಕ್ರಮಣದ ಹೊತ್ತಿಗೆ ಇರಬೇಕು. ಒಂದಿನ ಹಿಟ್ಟಿನ್ಯಾಗ "ಕುಂಬಳಕಾಯಿ" ಅಂತ ಬರದಿದ್ದೆ. ಬೆರಳಿಟ್ಲು. "ಕುಂ." ನಿಂತ್ಲು. "ಬ." ಮತ್ತ ನಿಂತ್ಲು. ನಾ ಇನ್ನ ಏನರ ಒಂದು ಹೊಡೀತಾಳ ಅನಕೊಂಡಿದ್ದೆ. ತಲಿ ಎತ್ತಿ ನನ್ನ ನೋಡಿ, ಸಣ್ಣ ದನ್ಯಾಗ ಅಂದ್ಲು, "ಮುಂದಿಂದು ಗೊತ್ತಾಗವಲ್ದವ್ವಾ."

ಗೊತ್ತಾಗವಲ್ದು ಅಂದ್ಲು! ಹುಟ್ಟಿದಾಗಿಂದ ಆಕಿ ಬಾಯಾಗ ಆ ಮಾತು ನಾ ಕೇಳಿರಲಿಲ್ಲ. ಹಿಟ್ಟಿನ ಕೈಲೆ ಎತ್ತಿ ಕುಣಿಸಿದೆ ಆಕಿನ್ನ. ಅಲ್ಲಿಂದ ಓದು ಹತ್ತಿತು. ತಡ ಆತು, ಖರೇ. ನಾಕನೇ ಇಯತ್ತೆಗೆ ಬಂದಾಗ ಉಳದವರು ಎರಡನೇ ಇಯತ್ತ್ಯಾಗ ಓದಿದ್ದು ಓದಿದ್ಲು. ಇವತ್ತೂ ಸಾವಕಾಶನ ಓದತಾಳ, ಬರಿಯೂದರಾಗ ತಪ್ಪತಾಳ. ಆದ್ರ ಓದತಾಳ, ಕಣ್ಣಿಲೆ.

ನನಗ ಮಾತ್ರ ಆ ಬೆನ್ನು ಬಿಡಲಿಲ್ಲ. ಮದುವಿ ಮನ್ಯಾಗ ನಗಾಕತ್ತಿರತೇನಿ, ಹಸಿ ಅರಿವಿ ಬೆನ್ನಿಗೆ ಅಂಟಿದ್ದ ಯಾವುದರ ಹುಡುಗಿ ಅಡ್ಡ ಹೋದ್ಲಂದ್ರ ನಗು ಅಲ್ಲೇ ನಿಂದ್ರತೈತಿ. ಶಿಗ್ಗಾಂವಿ ಮನಿಗೆ ಸಂಜಿಗೆ ಬಂದ್ರ, ಚೈತಿ ಒಳಗ ಟಿವಿ ಹಚ್ಚಿದ್ದು ಕೇಳತಿದ್ರೂ, ಬಾಗಿಲ ಮುಂದ ಯಾರರ ನಿಂತಾರೇನು ಅಂತ ಒಮ್ಮೆ ನೋಡೇ ಮೆಟ್ಲ ಹತ್ತತೇನಿ. ಎಂಟು ವರ್ಷ ಹಿಂಗ.

ಇನ್ನ ಹೋದ ಐತವಾರಕ್ಕ ಬರ್ತೇನಿ. ಕುಬಸ ಚಲೋ ಆತು. ಊಟಕ್ಕ ಕುಂತಾಗ ಜ್ಯೋತಿ ಕೈಯಾಗಿನ ಬಳಿ ಕುಣಿಸಿಕೊಂತ ನಕ್ಕಳು, "ಕಾಕೂ, ಚೈತಿ ಸಣ್ಣಾಕಿದ್ದಾಗ ದಿನಾ ಸಾಲಿ ಬಿಟ್ಟ ಕೂಡ್ಲೆ ಸಾಲಿ ಕಟ್ಟಿ ಮ್ಯಾಲನ ನನ್ನ ಹಂತ್ಯಾಕ ಬರಾಕಿ. ಅಕ್ಕಾ ಇವತ್ತಿನ ಪಾಠ ಒಂದ್ ಸಲ ಓದು ಅನ್ನಾಕಿ. ನಾ ಒಂದ್ ಸಲ ಓದಿದ್ರ ಹೊಳ್ಳಿ ಪೂರ್ತಿ ಒಪ್ಪಸಾಕಿ ನೋಡ್ರಿ! ಎಂಥಾ ತಲಿ!" ಎಲ್ಲಾರೂ ನಕ್ರು. ಚೈತಿನೂ ನಕ್ಕಳು.

ಹೊಳ್ಳಿ ಬರೂ ಮುಂದ ಬಸ್ ಸ್ಟ್ಯಾಂಡಿನ್ಯಾಗ ಕಲ್ಲಬೆಂಚಿನ ಮ್ಯಾಲ ಕುಂತಿದ್ವಿ. ಮಳಿ ಜೋರಾಗಿತ್ತು. ಚೈತಿ ಕಾಲ ಬೆರಳು ನೋಡಿಕೊಂತ ಅಂದ್ಲು, "ಅವ್ವಾ, ಒಂದ್ ಕೇಳ್ತೇನಿ, ಸಿಟ್ಟಾಗಬ್ಯಾಡ. ಆವತ್ತ ಅಷ್ಟ ಮಳಿ ಇತ್ತು. ನೀಲಕ್ಕ ದೊಡ್ಡವ್ವನ ಮನಿ ಹಿಂದಿನ ಓಣ್ಯಾಗನ ಇತ್ತು. ನನಗ ಇಲ್ಲೇ ನಿಂದ್ರು ಅಂತ ಯಾಕ ಬರದಿದ್ದಿ?"

ನಾ ಆಕಿ ಕಡೆ ಹೊಳ್ಳಿದೆ.

"ನನಗ ಆವಾಗ ಓದಾಕ ಬರತಿರಲಿಲ್ಲ" ಅಂದ್ಲು. "ಬಾಯಿಗೆ ಬಂದಿದ್ದು ಹೇಳಿದ್ದೆ. ನೀ ಹೌದು ಅಂದಿ. ಆಮ್ಯಾಲೆ ಯೋಚನಿ ಮಾಡಿದೆ, ಹಂಗಾದ್ರ ಅವ್ವ ಖರೇನ ಹಂಗ ಬರದಿದ್ಲು. ಹಾಲಿನ ಕಾಕಾ ಬಂದಿದ್ದ, ಬಾ ಕೂಸ ನಮ್ಮ ಮನಿ ಕಟ್ಟಿ ಮ್ಯಾಲ ಕುಂದ್ರು ಅಂದ. ನಾ ಹೋಗಲಿಲ್ಲ. ನಿಂದ್ರು ಅಂತ ಬರದಿದ್ರ ಅಂತ ಅಂಜಿದೆ. ಅಂವಗ ಇದೇನೈತಿ ಓದಿ ಹೇಳು ಅನ್ನಾಕೂ ಅಂಜಿದೆ, ನನ್ನ ವಿಡಿಯೋ ಅಂವನೂ ನೋಡಿದ್ದ."

ಶಿಗ್ಗಾಂವಿ ಬಸ್ ಬಂತು, ನಿಂತು, ಹೋತು. ನಾವಿಬ್ಬರೂ ಏಳಲಿಲ್ಲ.

ಹೇಳಿದೆ. ಬಾಗಿಲ ಮ್ಯಾಲ ಏನ್ ಬರದಿದ್ದೆ ಅಂತ ಶಬ್ದಕ್ಕ ಶಬ್ದ ಹೇಳಿದೆ. ಸೆರಗಿಲೆ ಒರಸಿದ್ದೂ ಹೇಳಿದೆ.

ಕಾಲ ಬೆರಳು ನೋಡೂದು ಬಿಟ್ಟು ನನ್ನ ಕಡೆ ಹೊಳ್ಳಿದ್ಲು. "ಮತ್ತ ಹೌದು ಅಂತ ಯಾಕಂದಿ?"

"ಎಲ್ಲಾರ ಮುಂದ ಸಣ್ಣಾಗಬಾರದು ಅಂತ."

"ಯಾರು? ನಾನೋ, ನೀನೋ?"

ನೋಡ್ರಿ, ನಾ ಮಾತಿನ ಮಲ್ಲಿ. ದಿನಾ ನಿಮ್ಮ ಮುಂದ ಇಷ್ಟುದ್ದ ಮಾತಾಡತೇನಿ. "ನಾನು" ಅನ್ನೂ ಎರಡಕ್ಷರ ಬಾಯಿಂದ ಬರಾಕ ಎಷ್ಟೊತ್ತು ಹಿಡೀತು ಅಂತ ನನಗ ಗೊತ್ತು. ಅಂದೆ.

ಆಕಿ ತಲಿ ಆಡಿಸಿದ್ಲು. ಆಮ್ಯಾಲೆ ಮಳಿ ಕಡೆ ನೋಡಿಕೊಂತ, ಎಂಟು ವರ್ಷದ ಹಿಂದಿನ ಕೂಸಿನ ದನ್ಯಾಗ ಕೇಳಿದ್ಲು, "ಊಟ ಮಾಡು ಅಂತನೂ ಬರದಿದ್ದೇನವ್ವಾ?"

"ಹೂಂ ಯವ್ವಾ."

ಅಷ್ಟಕ್ಕ ಅತ್ಲು. ನಾ ಕೈ ಹಿಡಿಯಾಕ ಹೋದೆ, ಬಿಡಿಸಿಕೊಂಡ್ಲು. ಮುಂದಿನ ಬಸ್ ಹತ್ತಿ ಮನಿಗೆ ಬಂದ್ವಿ.

ಮೂರು ದಿನ ಆತು. ಮಾತಾಡತಾಳ, ಎಷ್ಟ ಬೇಕೋ ಅಷ್ಟ. ಇದನ್ನ ಬರೀಲೇನು ಅಂತ ನಿನ್ನೆ ಕೇಳಿದೆ. "ಬರಿ. ಫೋಟೋ ಹಾಕಬ್ಯಾಡ" ಅಂದ್ಲು. ಹಾಕಿಲ್ಲ. ಆಕಿ ಮನಸ್ಸು ನನ್ನ ಕಡೆ ಹೊಳ್ಳತೈತೋ ಇಲ್ಲೋ ನನಗ ಗೊತ್ತಿಲ್ಲ. ಹೊಳ್ಳು ಅನ್ನಾಕ ನನಗ ಬಾಯಿಲ್ಲ.

ಈಗ ನಿಮ್ಮ ಪಾಳಿ. ನಿಮ್ಮ ಕೂಸಿಗೆ ಬರದೇ ಇದ್ದದ್ದು ಬರತೈತಿ ಅಂತ ನೀವು ನಂಬಿಕೊಂಡು, ಆಮ್ಯಾಲೆ ಖರೇ ಗೊತ್ತಾದ ದಿನ ಯಾವುದು? ಏನ್ ಮಾಡಿದ್ರಿ? ಇಲ್ಲಾ, ಸಣ್ಣವರಿದ್ದಾಗ ಓದಾಕ ಬರತೈತಿ ಅಂತ ಸುಳ್ಳ ಹೇಳಿ ದಿನ ದೂಡಿದವರು ನೀವೇನು? ಕೆಳಗ ಬರೀರಿ. ಬುದ್ಧಿ ಹೇಳಬ್ಯಾಡ್ರಿ, ನನಗ ಬೈದ್ರೂ ನಡೀತೈತಿ, ಆದ್ರ ನಿಮ್ಮ ಮನ್ಯಾಗ ಆಗಿದ್ದು ಇದ್ದದ್ದು ಇದ್ದಂಗ ಬರೀರಿ. ನಾ ಎಲ್ಲಾ ಓದತೇನಿ. ಚೈತಿನೂ ಓದತೇನಿ ಅಂದಾಳ. ಆಕಿಗೆ ಒಂದೀಟು ಹೊತ್ತು ಹಿಡೀತೈತಿ, ಹಂಗಾಗಿ ಸ್ವಲ್ಪ ಸಾವಕಾಶ ಮಾಡ್ರಿ.